ಬಚ್ಚಲಿನ ಕಾಫಿ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ನಾನು ಚಾಡಿಕೋರನಲ್ಲ. ಹೊಸಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿದ್ದವನು. ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಹೊತ್ತಿಗೆ ಹೊರಡುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ, ಕಿವುಡನಿಗೂ ಕೇಳುವ ಹಾಗೆ ಹೇಳುವುದು ನನ್ನ ಉದ್ಯೋಗ. ನಿವೃತ್ತಿಯಾದ ಮೇಲೆ ಮೈಕು ಹೋಯಿತು, ಗಂಟಲು ಉಳಿಯಿತು. ಹೆಸರು ಹೊನ್ನೂರುಸ್ವಾಮಿ. ಓಣಿಯವರು ಕಂಟ್ರೋಲರ್ ಅಂತಲೇ ಕರೆಯುತ್ತಾರೆ.

ಆದರೂ ಈಗ ಹೇಳಹೊರಟ ಸಂಗತಿಯಲ್ಲಿ ನನ್ನದೂ ತಪ್ಪಿದೆ. ಒಂದೇ ಒಂದು ಒದೆತಕ್ಕೆ ನನ್ನ ಹಡೆದವ್ವನ ಮುಖ ಈ ಲೋಕದಿಂದ ಅಳಿಸಿಹೋಗುವುದರಲ್ಲಿತ್ತು. ಒದೆಯಲು ಎತ್ತಿದ ಕಾಲು ನನ್ನದೇ. ತಪ್ಪು ಎಷ್ಟು ಎನ್ನುವುದನ್ನು ಕೊನೆಗೆ ಅಳತೆ ಮಾಡಿ ಹೇಳುತ್ತೇನೆ.

ನಮ್ಮದು ಕಾಲುವೆಯ ಹಿಂದಿನ ಓಣಿ. ಐದು ಮನೆ ಒಂದೇ ಸಾಲಿನಲ್ಲಿ ಗೋಡೆಗೆ ಗೋಡೆ ಅಂಟಿಕೊಂಡು ನಿಂತಿವೆ. ಹಿತ್ತಲಲ್ಲಿ ಐದು ಬಚ್ಚಲು. ಐದಕ್ಕೂ ಒಬ್ಬನೇ ಬಡಗಿ ಬಾಗಿಲು ಮಾಡಿದ್ದರಿಂದ ಐದಕ್ಕೂ ಒಂದೇ ರೋಗ, ಒಳಗಿನಿಂದ ಚಿಲಕ ಹಾಕಿದ್ದರೂ ಕೆಳಗಡೆ ಒಂದು ಒದ್ದರೆ ಚಿಲಕ ತಾನೇ ಕಳಚಿ ಬೀಳುತ್ತದೆ. ಈ ಗುಟ್ಟು ಐದು ಮನೆಯವರಿಗೂ ಗೊತ್ತು. ಮರ್ಯಾದಸ್ಥರಾದ್ದರಿಂದ ಯಾರೂ ಒದೆಯುವುದಿಲ್ಲ.

ನನ್ನ ಪಕ್ಕದ ಮನೆಯವನು ರಾಮಾಂಜಿನಿ. ಸಂಡೂರು ಕಡೆಯ ವಡ್ಡು ಊರಿನ ಹತ್ತಿರ ಅದಿರು ಲಾರಿಗಳನ್ನು ತೂಗುವ ವೇಬ್ರಿಜ್ಜಿನಲ್ಲಿ ಕೆಲಸ. ದಿನಕ್ಕೆ ನೂರಾರು ಲಾರಿ ತೂಗುತ್ತಾನೆ, ಬಾಯಿಂದ ಮಾತ್ರ ನಾಲ್ಕು ಮಾತು ಬಂದರೆ ಹೆಚ್ಚು. ಇಂಥವನಿಗೆ ಹೋದ ವರ್ಷ ಹಂಪಿಯ ಗೆಸ್ಟ್‌ಹೌಸಿನವನೊಬ್ಬ, ಯಾರೋ ವಿದೇಶದವರು ಬಿಟ್ಟುಹೋದ ಹಳೇ ಫಿಲಂ ಕ್ಯಾಮೆರಾ ಕೊಟ್ಟ. ಅವತ್ತಿನಿಂದ ರಜೆ ಬಂದರೆ ಅದನ್ನು ಕೊರಳಿಗೆ ಹಾಕಿಕೊಂಡು ಹಂಪಿಯ ಬಾಳೆತೋಟ, ಸಂಡೂರಿನ ಗುಡ್ಡ ಅಂತ ತಿರುಗತೊಡಗಿದ. ಓಣಿಯ ಹುಡುಗರು ಮೊಬೈಲಿನಲ್ಲಿ ತಾಸಿಗೆ ನೂರು ಫೋಟೋ ಹೊಡೆಯುವ ಕಾಲ ಇದು. ನಾನು ಒಮ್ಮೆ ಕೇಳಿದೆ.

"ಅಲ್ಲೋ ರಾಮಾಂಜಿನಿ, ಆರು ತಿಂಗಳಾತು ಹೊಡಿಯಾಕತ್ತಿ. ಒಂದರೆ ಫೋಟೋ ತೋರ್ಸು ನೋಡೋಣ."

"ಇನ್ನಾ ಬಂದಿಲ್ರಿ ಹೊನ್ನೂರಣ್ಣ," ಅಂದ.

ಕ್ಯಾಮೆರಾ ಕೆಟ್ಟಿದೆ, ಹೇಳಿಕೊಳ್ಳಲು ನಾಚಿಕೆ ಎಂದು ನಾನು ತಿಳಿದುಕೊಂಡೆ. ನನಗೆ ತಿಳಿಯುವುದು ಸ್ವಲ್ಪ ಜಲ್ದಿ.

ಇನ್ನು ಕಾಫಿಯ ವಿಷಯ. ನಮ್ಮ ಕಡೆ ಚಹಾ ಕುಡಿಯುವವರೇ ಹೆಚ್ಚು. ನಮ್ಮ ಮನೆಯಲ್ಲಿ ಮಾತ್ರ ನನಗೂ ನನ್ನ ಅವ್ವ ಹೊಳೆಮ್ಮನಿಗೂ ಕಾಫಿಯ ಚಟ. ಡಾಕ್ಟರು ನನಗೆ ದಿನಕ್ಕೊಂದೇ ಲೋಟ ಎಂದಿದ್ದಾರೆ. ಅದನ್ನು ನನ್ನ ಹೆಂಡತಿ ಭೀಮವ್ವ ಕಾನೂನಿನಂತೆ ಜಾರಿ ಮಾಡುತ್ತಾಳೆ. ಬೆಳಿಗ್ಗೆ ಆರಕ್ಕೆ ಒಂದು ಲೋಟ ಮುಗಿದರೆ ಮರುದಿನ ಆರರ ತನಕ ನನ್ನದು ಉಪವಾಸ. ಇಂಥ ಸ್ಥಿತಿಯಲ್ಲಿರುವವನ ಮೂಗು ಎಷ್ಟು ಚುರುಕಾಗಿರುತ್ತದೆ ನೀವೇ ಯೋಚಿಸಿ.

ಒಂದು ಭಾನುವಾರ ಹನ್ನೊಂದರ ಸುಮಾರಿಗೆ ಹಿತ್ತಲಲ್ಲಿ ಕೂತಿದ್ದೆ. ರಾಮಾಂಜಿನಿಯ ಬಚ್ಚಲಿನ ಗವಾಕ್ಷಿಯಿಂದ ಕಾಫಿಯ ವಾಸನೆ ಬಂತು. ಒಂದು ಲೋಟದ ವಾಸನೆಯಲ್ಲ, ಮದುವೆ ಮನೆಗೆ ಕಾಸಿದಷ್ಟು. ಗವಾಕ್ಷಿಗೆ ಒಳಗಿನಿಂದ ಗೋಣಿಚೀಲ ತುರುಕಿತ್ತು. ವಾಸನೆಗೆ ಗೋಣಿಚೀಲ ಅಡ್ಡವೇ? ನೆರೆಯವನ ಮನೆಯಲ್ಲಿ ಕಾಫಿ ಕಾಯುವಾಗ ಹೋಗದೆ ಇರುವುದು ಒಳ್ಳೆಯ ನೆರೆತನವಲ್ಲವೆಂದು, ಅಂಗಿ ಹಾಕಿಕೊಂಡು ಹೋದೆ.

ಅವನ ಹೆಂಡತಿ ಲಕ್ಷ್ಮೀ ಅಡುಗೆಮನೆಯಲ್ಲಿ ಗೋಡೆ ಗಡಿಯಾರ ನೋಡುತ್ತ ನಿಂತಿದ್ದಳು. ನನ್ನನ್ನು ಕಂಡು ಗಾಬರಿಯಾದಳು.

"ಬರ್ರಿ ಅಣ್ಣಾರ, ಕುಂದ್ರಿ. ಅವ್ರು ಬಚ್ಚಲದಾಗ ಅದಾರ."

"ಇರ್ಲಿ ತಂಗೆವ್ವ, ನಂದೇನೂ ಅವಸರ ಇಲ್ಲ," ಎಂದು ಕೂತೆ.

ಅವಳು ನನ್ನ ಮುಂದೆ ತಂದಿಟ್ಟಿದ್ದು ಚಹಾ. ಬಚ್ಚಲಿನಿಂದ ಕಾಫಿಯ ವಾಸನೆ ಬರುತ್ತಿದೆ, ಕೈಯಲ್ಲಿ ಚಹಾದ ಕಪ್ಪು. ಅಷ್ಟರಲ್ಲಿ ಅವಳು ಹಿತ್ತಲ ಕಡೆ ಮುಖ ಮಾಡಿ, "ಆರು ಆತ್ರೀ," ಎಂದು ಕೂಗಿದಳು. ಸ್ವಲ್ಪ ಹೊತ್ತಿಗೆ, "ಏಳು ಆತ್ರೀ." ಆಮೇಲೆ, "ಎಂಟು." ನಾನು ಚಹಾ ಮುಗಿಸಿ ಮನೆಗೆ ಬಂದರೂ ಎಣಿಕೆ ನಿಲ್ಲಲಿಲ್ಲ. ಗೋಡೆಯ ಆಚೆಯಿಂದ "ಹದಿನೈದು ಆತು, ಸಾಕ್ರಿ" ಎಂದದ್ದು ನನ್ನ ಕಿವಿಯಾರೆ ಕೇಳಿದೆ. ಹದಿನೈದು ಲೋಟ. ಬಾಗಿಲು ಹಾಕಿಕೊಂಡು, ಗವಾಕ್ಷಿಗೆ ಗೋಣಿ ತುರುಕಿಕೊಂಡು, ಒಬ್ಬನೇ. ಬಂದ ನೆಂಟನಿಗೆ ಕೊಡಬೇಕಾದೀತೆಂದು ಬಚ್ಚಲಲ್ಲಿ ಕೂತು ಕಾಫಿ ಕುಡಿಯುವ ಮನುಷ್ಯನನ್ನು ನಾನು ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಕಂಡಿರಲಿಲ್ಲ.

ಆದರೆ ಸಾಕ್ಷಿಯಿಲ್ಲದೆ ಮಾತಾಡುವವನು ನಾನಲ್ಲ. ನೇರ ವಿಜಯಕುಮಾರನ ಕಿರಾಣಿ ಅಂಗಡಿಗೆ ಹೋದೆ.

"ರಾಮಾಂಜಿನಿ ಕಾಫಿ ಪುಡಿ ಒಯ್ತಾನೇನು?"

"ಒಯ್ತಾರ್ರಿ. ಆಗೊಮ್ಮಿ ಈಗೊಮ್ಮಿ ಬರ್ತಾರ, ಬಂದ್ರ ಸಣ್ಣ ಪಾಕೀಟಿನ ಸರಾನ ಹರ್ಕೊಂಡು ಹೋಗ್ತಾರ."

"ಸಕ್ಕರಿ?"

"ಇಲ್ಲ."

"ಹಾಲು?"

"ಹಾಲೂ ಇಲ್ಲ. ಕಾಫಿ ಪುಡಿ ಜೋಡಿ ಬಟ್ಟಿ ಒಗಿಯೋ ಸೋಡಾ ಒಯ್ತಾರ. ಮೊನ್ನೆ ನಮ್ಮ ಬಾಜು ಮೆಡಿಕಲ್‌ನಾಗ ವಿಟಮಿನ್ ಮಾತ್ರಿನೂ ತಗೊಂಡ್ರು."

ನನಗೆ ಎಲ್ಲ ಸ್ಪಷ್ಟವಾಯಿತು. ಹಾಲು ಸಕ್ಕರೆ ಹಾಕಿದರೆ ಖರ್ಚೆಂದು ಕರೀ ಕಾಫಿ. ಕುಡಿದ ಲೋಟದಲ್ಲಿ ವಾಸನೆ ಉಳಿಯಬಾರದೆಂದು ಸೋಡಾ ಹಾಕಿ ತೊಳೆಯುವುದು. ಹದಿನೈದು ಲೋಟ ಕುಡಿದವನಿಗೆ ತಲೆ ತಿರುಗದೆ ಇರುತ್ತದೆಯೇ, ಅದಕ್ಕೆ ಮಾತ್ರೆ. ಇದನ್ನು ನಾನು ಹೇಳಿದ್ದು ವಿಜಯಕುಮಾರನಿಗೆ ಮಾತ್ರ. ಅವನು ಹೇಳಿದ್ದು ಅಂಗಡಿಗೆ ಬಂದವರಿಗೆ ಮಾತ್ರ. ಸಂಜೆ ಬಸ್‌ಸ್ಟ್ಯಾಂಡಿಗೆ ಹೋದಾಗ ಹಳೇ ಪರಿಚಯದ ಇಬ್ಬರು ಕಂಡಕ್ಟರುಗಳ ಹತ್ತಿರ ಮಾತಿಗೆ ಮಾತು ಬಂತು, ಅಷ್ಟೆ. ಒಬ್ಬ ಸಂಡೂರು ಬಸ್ಸಿನವನು, ಇನ್ನೊಬ್ಬ ಕಂಪ್ಲಿಯವನು.

ಮುಂದೆ ಒಂದು ಭಾನುವಾರ ಡೆಂಗಿ ಸರ್ವೇಗೆಂದು ಆಶಾ ಕಾರ್ಯಕರ್ತೆ ಸುಷ್ಮಿತಾ ಬಂದಳು. ಮನೆಮನೆಯ ನೀರಿನ ತೊಟ್ಟಿಗೆ ಟಾರ್ಚ್ ಬಿಟ್ಟು ಸೊಳ್ಳೆ ಮರಿ ನೋಡುವ ಕೆಲಸ. ರಾಮಾಂಜಿನಿಯ ಬಚ್ಚಲಿನ ಮುಂದೆ ಟಾರ್ಚ್ ಹಿಡಿದು ನಿಂತಳು.

"ಅಂಕಲ್, ಒಂದ್ ನಿಮಿಷ ಬಾಗ್ಲಾ ತಗೀರಿ, ಟಾರ್ಚ್ ಬಿಟ್ಟು ನೋಡ್ಕೊಂಡು ಹೋಗ್ತೀನಿ."

"ಟಾರ್ಚ್ ಮಾತ್ರ ಬ್ಯಾಡವ್ವ, ನಿನ್ನ ಕೈ ಮುಗೀತೀನಿ," ಎಂದು ಒಳಗಿನಿಂದ ದೀನ ಸ್ವರ ಬಂತು.

ಅವಳು ಸರಕಾರದ ಕೆಲಸ ಮಾಡುವವಳು. ಮುಂಬಾಗಿಲ ಪಕ್ಕದ ಗೋಡೆಯ ಮೇಲೆ ಚಾಕ್‌ಪೀಸಿನಲ್ಲಿ ತಾರೀಖು ಹಾಕಿ, "ಬಚ್ಚಲು ತೋರಿಸಿಲ್ಲ" ಎಂದು ಬರೆದು ಹೋದಳು. ಬೀದಿಯಲ್ಲಿ ಹೋಗುವವರೆಲ್ಲ ಅದನ್ನು ನಿಂತು ಓದಿದರು. ನಾನು ಹೇಳಿದ್ದಕ್ಕೆ ಸರಕಾರದ ಮುದ್ರೆ ಬಿದ್ದಂತಾಯಿತು.

ಎರಡು ವಾರದಲ್ಲಿ ಮಾತು ಊರು ಸುತ್ತಿ ನನ್ನ ಹತ್ತಿರವೇ ವಾಪಸು ಬಂತು. ಸಂಡೂರಿನಿಂದ ಬಂದ ಸುದ್ದಿಯಲ್ಲಿ ಅವನ ಹೆಂಡತಿ ಮಗಳಿಗೆ ಇಂದಿನವರೆಗೂ ಕಾಫಿಯ ರುಚಿ ಗೊತ್ತಿಲ್ಲ. ಕಂಪ್ಲಿಯಿಂದ ಬಂದದ್ದರಲ್ಲಿ ಅವನು ಊಟವನ್ನೂ ಅಲ್ಲೇ ಮಾಡುತ್ತಾನೆ. ನಾನು ಇಷ್ಟು ಹೇಳಿರಲಿಲ್ಲ. ಆದರೆ ಅಲ್ಲಗಳೆಯಲೂ ಹೋಗಲಿಲ್ಲ.

ಭೀಮವ್ವ ಬೈದಳು. "ನಿಮ್ಮ ಬಾಯಿಗೆ ಬ್ರೇಕ್ ಅನ್ನೋದು ಇಲ್ಲ. ಅವರ ಮಗಳು ಪಲ್ಲವಿಗೆ ಕಂಪ್ಲಿಯೊಳಗ ಗಂಡು ನೋಡ್ಯಾರ. ಈ ಮಾತು ಅಲ್ಲಿಗೆ ಮುಟ್ಟಿದ್ರ?"

ಅವ್ವ ಮಾತ್ರ ಬೈಯಲಿಲ್ಲ. ಎಂಬತ್ತನಾಲ್ಕು ವರ್ಷದ ಹೊಳೆಮ್ಮ, ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತ, "ಬಿಡಲೇ, ಯಾರ ಬಚ್ಚಲದಾಗ ಯಾರು ಏನ್ ಕುಡಿದ್ರ ನಿನಗ್ಯಾಕ," ಎಂದು ತನ್ನಷ್ಟಕ್ಕೆ ನಕ್ಕಳು. ಆ ನಗುವಿನ ಅರ್ಥ ನನಗೆ ಆಗ ತಿಳಿಯಲಿಲ್ಲ.

ಅವ್ವನ ಬಗ್ಗೆ ಒಂದು ಮಾತು ಹೇಳಬೇಕು. ಆರು ವರ್ಷದ ಹಿಂದೆ ಅಪ್ಪ ಗುಡ್ಡಪ್ಪ ತೀರಿಕೊಂಡಾಗ ನಾನು ಹತ್ತಡಿ ಅಗಲದ ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿಸಿ ಸರ್ಕಲ್ಲಿನಲ್ಲಿ ಕಟ್ಟಿಸಿದ್ದೆ. ಹದಿನೈದು ದಿನಕ್ಕೆ ಅದನ್ನು ಬಿಚ್ಚಿದರು. ಮನೆಗೆ ತಂದೆ. ಹತ್ತಡಿ ಅಪ್ಪನನ್ನು ಎಲ್ಲಿ ಇಡುವುದು? ಮಳೆಗಾಲ ಬಂತು, ಹಿತ್ತಲ ಕಟ್ಟಿಗೆ ರಾಶಿಗೆ ಹೊದಿಸಿದೆ. ಅವ್ವ ಬೆಳಿಗ್ಗೆ ಎದ್ದು ನೋಡಿದರೆ ಅಪ್ಪನ ಹಣೆಯ ಮೇಲೆ ಕೋಳಿ ಕೂತಿತ್ತು. ಅವತ್ತೇ ಅವ್ವ ಮನೆಯಲ್ಲಿದ್ದ ತನ್ನ ಹಳೇ ಫೋಟೋ ಎಲ್ಲ ಒಲೆಗೆ ಹಾಕಿದಳು, ಆಮೇಲೆ ಯಾರ ಮೊಬೈಲಿಗೂ ಮುಖ ಕೊಡಲಿಲ್ಲ. ಯಾರಾದರೂ ಮೊಬೈಲ್ ಎತ್ತಿದರೆ ಸೆರಗು ಎಳೆದುಕೊಂಡು, "ನನ್ನನ್ನೂ ಕಟ್ಟಿಗಿಗೆ ಹೊದಿಸ್ತೀಯೇನಲೇ," ಎನ್ನುತ್ತಿದ್ದಳು. ಮೊಮ್ಮಕ್ಕಳ ಮದುವೆಯ ಫೋಟೋಗಳಲ್ಲೂ ಅವ್ವ ಇರುವ ಜಾಗದಲ್ಲಿ ಬರೀ ಸೆರಗು ಕಾಣುತ್ತದೆ.

ಆ ಅವ್ವ ಒಂದು ಮಂಗಳವಾರ ಮಧ್ಯಾಹ್ನ, ಕಾಫಿ ಕುಡಿದು ಲೋಟ ಕೆಳಗಿಟ್ಟು, ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ಸುಖದ ಸಾವು ಎಂದು ಎಲ್ಲರೂ ಅಂದರು. ಇರಬಹುದು. ನನಗೆ ಮಾತ್ರ ಅರವತ್ತೆರಡನೇ ವಯಸ್ಸಿನಲ್ಲಿ ತಬ್ಬಲಿಯಾದೆ ಎನಿಸಿತು, ಮಕ್ಕಳ ಮುಂದೆ ಅತ್ತುಬಿಟ್ಟೆ.

ಮಣ್ಣು ಮಾಡಿ ಬಂದು ಮೂರನೇ ದಿನಕ್ಕೆ ಹೊಳೆಯಿತು, ಹನ್ನೊಂದನೇ ದಿನದ ಕಾರ್ಯಕ್ಕೆ ಹಾರ ಹಾಕಲು ಅವ್ವನ ಫೋಟೋ ಒಂದೂ ಇಲ್ಲ. ಮನೆಯೆಲ್ಲ ಜಾಲಾಡಿದರೆ ಸಿಕ್ಕಿದ್ದು ಆಧಾರ್ ಕಾರ್ಡು. ಆಧಾರ್ ಕಾರ್ಡಿನಲ್ಲಿ ನಮ್ಮ ನಿಮ್ಮ ಮುಖ ಹೇಗಿರುತ್ತದೆಂದು ನಿಮಗೆ ಗೊತ್ತು. ಅದರಲ್ಲೂ ಅವ್ವ ಒಂದು ಕಣ್ಣು ಮುಚ್ಚಿದ್ದಳು. ಅದನ್ನೇ ಸ್ಟುಡಿಯೋ ಈಶ್ವರ್ ಹತ್ತಿರ ಒಯ್ದೆ. ಅವನು ದೊಡ್ಡದು ಮಾಡಿ ಕಂಪ್ಯೂಟರಿನಲ್ಲಿ ತೋರಿಸಿದ. ಮಂಜಿನಲ್ಲಿ ನಿಂತ ಯಾರೋ ಅಪರಿಚಿತ ಹೆಂಗಸು.

"ಇದು ನಮ್ಮವ್ವ ಅಲ್ಲಪ್ಪ," ಎಂದೆ.

"ಅಣ್ಣಾ, ಭಾನುವಾರದ ತನಕ ತಡೀರಿ," ಎಂದ ಈಶ್ವರ್. ಇನ್ನೂ ಏನೋ ಹೇಳಲು ಬಾಯಿ ತೆರೆದು ಮುಚ್ಚಿದ. ವ್ಯಾಪಾರದ ಸಬೂಬು ಎಂದುಕೊಂಡು ಎದ್ದು ಬಂದೆ. ಆಗಲೇ ನಾನು ಅವ್ವನ ಮುಖ ನೆನಪಿಗೆ ತಂದುಕೊಂಡರೆ ಆಧಾರ್ ಕಾರ್ಡಿನ ಹೆಂಗಸು ಅಡ್ಡ ಬರುತ್ತಿದ್ದಳು. ಇನ್ನೊಂದು ವರ್ಷಕ್ಕೆ ಅವ್ವ ಪೂರ್ತಿ ಅವಳೇ ಆಗಿಬಿಡುತ್ತಾಳೆ ಎಂದು ಹೆದರಿಕೆಯಾಯಿತು.

ಆರನೇ ದಿನ ಭಾನುವಾರ. ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದೆಂದು ಓಣಿಯವರು ಸರದಿಯ ಮೇಲೆ ಊಟ, ಚಹಾ ತಂದುಕೊಡುತ್ತಿದ್ದರು. ಲಕ್ಷ್ಮೀ ದಿನಕ್ಕೆ ಎರಡು ಸಲ ಫ್ಲಾಸ್ಕ್ ತಂದಳು. ಎರಡು ಸಲವೂ ಚಹಾ. ನಾನು ದುಃಖದಲ್ಲಿದ್ದರೂ ಇದನ್ನು ಗಮನಿಸಿದ್ದೆ.

ಅವತ್ತು ಹನ್ನೊಂದು ಗಂಟೆಗೆ ಕಂಪ್ಲಿಯಿಂದ ಉಚ್ಚೆಂಗೆಪ್ಪ ಬಂದ. ಪಲ್ಲವಿಗೆ ನೋಡಿದ್ದ ಹುಡುಗನ ಸೋದರಮಾವ. ಗದ್ದೆ, ಅಕ್ಕಿ ಗಿರಣಿ, ದಪ್ಪ ಮೀಸೆ ಎಲ್ಲ ಇರುವವನು. ನಮ್ಮ ಅಪ್ಪನ ಕಾಲದ ಪರಿಚಯವೆಂದು ಅವ್ವ ಹೋದದ್ದಕ್ಕೆ ಮಾತಾಡಿಸಿಕೊಂಡು ಹೋಗಲು ಬಂದೆನೆಂದ. ಹೆಣ್ಣಿನ ಮನೆಯ ಗುಣ ಕೇಳುವುದು ಪಕ್ಕದ ಮನೆಯಲ್ಲಿ ಎನ್ನುವುದು ಎಲ್ಲರಿಗೂ ಗೊತ್ತಿರುವ ಪದ್ಧತಿ.

"ಭಾಳ ಒಳ್ಳೆ ಹೆಣ್ಮಗಳು, ನಿಮ್ಮವ್ವ," ಎಂದವನು ದನಿ ತಗ್ಗಿಸಿದ. "ಸ್ವಾಮಿ, ಇಂಥಾ ಹೊತ್ತಿನಾಗ ಕೇಳಬಾರ್ದು. ನಮ್ಮೂರಾಗ ಒಂದು ಮಾತು ಅಡ್ಡಾಡಾಕತ್ತೈತಿ. ನಿಮ್ಮ ಬಾಜು ಮನಿಯಾತ ಬಚ್ಚಲದಾಗ ಕುಂತು ಕಾಫಿ ಕುಡಿತಾನಂತ. ಖರೇನ?"

ದೇವರಾಣೆಗೂ ನಾನು ಇಲ್ಲ ಎನ್ನುವವನಿದ್ದೆ. ಅಷ್ಟರಲ್ಲಿ ಹಿತ್ತಲಿಂದ ವಾಸನೆ ಬಂತು. ಬಿಸಿ ಬಿಸಿ ಕಾಫಿಯ ವಾಸನೆ. ಅವ್ವನ ಕೊನೆಯ ಲೋಟದ ವಾಸನೆ. ಹಿಂದೆಯೇ ಲಕ್ಷ್ಮಿಯ ದನಿ, "ಮೂರು ಆತ್ರೀ."

ನನಗೆ ತಡೆಯಲಾಗಲಿಲ್ಲ. ಪಕ್ಕದ ಮನೆಯ ಮುದುಕಿ ಸತ್ತು ಆರು ದಿನವಾಗಿಲ್ಲ, ಸಾವಿನ ಮನೆಗೆ ಒಂದು ಲೋಟ ಕಾಫಿ ಕಳಿಸುವ ಮನಸ್ಸಿಲ್ಲ, ಇವನು ಮೂರನೇ ಲೋಟಕ್ಕೆ ಬಂದಿದ್ದಾನೆ. ಎದ್ದು ನಿಂತಾಗ "ನಾಲ್ಕು ಆತ್ರೀ" ಎಂದಳು. ಕೂಗು ಕೇಳಿದರೆ ಕೈಗಡಿಯಾರ ನೋಡುವುದು ನನ್ನ ಹಳೇ ರೂಢಿ. ಹನ್ನೊಂದು ಇಪ್ಪತ್ತೆರಡು.

"ಬರ್ರಿ ಉಚ್ಚೆಂಗೆಪ್ಪ, ಖರೇನೋ ಸುಳ್ಳೋ ಕಣ್ಣಾರೆ ನೋಡ್ರಿ," ಎಂದು ಹೆಗಲ ಮೇಲಿನ ಟವೆಲ್ ಬಿಗಿದುಕೊಂಡು ಹೊರಟೆ. ಮಾತಾಡಿಸಲು ಬಂದಿದ್ದ ಓಣಿಯ ಏಳೆಂಟು ಜನ ಹಿಂದೆ ಬಂದರು. ಭೀಮವ್ವ ಬೈಯುತ್ತ ಬಂದಳು. ಅಡ್ಡ ನಿಂತ ಲಕ್ಷ್ಮೀ ಉಚ್ಚೆಂಗೆಪ್ಪನನ್ನು ಕಂಡದ್ದೇ ತಡ, ಸೆರಗು ಹೊದ್ದು ಮೂಲೆಗೆ ಸರಿದಳು. ಗಡಿಯಾರ ನೋಡುವವರು ಯಾರೂ ಇಲ್ಲದಾಯಿತು.

ನಾನು ಬಚ್ಚಲಿನ ಬಾಗಿಲನ್ನು ಎರಡು ಕೈಯಲ್ಲಿ ಬಡಿದೆ. ಒಳಗೆ ಏನೋ ದಪ್ಪನೆ ಬಿತ್ತು.

"ಅಯ್ಯೋ, ಕಂಬಳಿ ಬಿತ್ತು," ಎಂದಿತು ಒಳಗಿನ ದನಿ. "ಲಕ್ಷ್ಮೀ, ಎಷ್ಟಾತು?"

"ನಾಲ್ಕಾಗೇತಿ, ಐದನೇದು ನಾನು ಕುಡಿಸ್ತೀನಿ, ಬಾಗ್ಲಾ ತಗಿ," ಎಂದೆ.

"ಹೊನ್ನೂರಣ್ಣ, ಕೈ ಮುಗೀತೀನಿ, ಹೋಗ್ರಿ. ಆಮ್ಯಾಲ ಎಲ್ಲಾ ಹೇಳ್ತೀನಿ."

"ಆಮ್ಯಾಲ ಲೋಟ ತೊಳದಿಡ್ತಿ. ಈಗ ತಗಿ."

"ಆಗಂಗಿಲ್ರಿ."

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಚಿಲಕದ ಗುಟ್ಟು ಗೊತ್ತಿತ್ತಲ್ಲ. ಪಂಚೆ ಎತ್ತಿ ಕಟ್ಟಿ, ಬಲಗಾಲು ಎತ್ತಿದೆ. ಬಾಗಿಲ ಸಂದಿಯ ಬೆಳಕಿಗೆ ಅಡ್ಡ ಬಂದ ನೆರಳಿನಲ್ಲೇ ಅವನಿಗೆ ತಿಳಿಯಿತೋ, ಭೀಮವ್ವನ "ಒದಿಬ್ಯಾಡ್ರಿ" ಎಂಬ ಕೂಗು ಕೇಳಿತೋ, ನಾಲ್ಕು ಮಾತಿನ ರಾಮಾಂಜಿನಿ ಒಳಗಿನಿಂದ ಅಳುವ ದನಿಯಲ್ಲಿ ಅಂದ:

"ಒದಿಬ್ಯಾಡ್ರಿ ಅಣ್ಣಾ. ಒಳಗ ನಿಮ್ಮವ್ವ ಅದಾಳ."

ಎತ್ತಿದ ಕಾಲು ಎತ್ತಿದಂತೆಯೇ ಇತ್ತು. ಉಚ್ಚೆಂಗೆಪ್ಪ ಒಂದು ಹೆಜ್ಜೆ ಹಿಂದೆ ಸರಿದು, "ಮಣ್ಣು ಮಾಡಿದ್ರಿ ಅಲ್ಲೇನು?" ಎಂದು ನನ್ನನ್ನೇ ಕೇಳಿದ.

ಬಾಗಿಲಿನ ಆಚೆಯಿಂದ ಮಾತು ತುಂಡು ತುಂಡಾಗಿ ಬಂತು. ಒಂದು ತಿಂಗಳ ಹಿಂದೆ ನಾನು ಕಣ್ಣು ತೋರಿಸಲು ಬಳ್ಳಾರಿಗೆ ಹೋಗಿದ್ದ ದಿನ, ಅವ್ವ ತಾನೇ ರಾಮಾಂಜಿನಿಯನ್ನು ಕರೆದು ಫೋಟೋ ತೆಗೆಸಿಕೊಂಡಿದ್ದಳು. "ನಿನ್ನ ಡಬ್ಬಿಯಾಗ ಹೊಡದದ್ದು ಫ್ಲೆಕ್ಸ್ ಆಗಂಗಿಲ್ಲ ಅಲ್ಲ?" ಎಂದು ಮೂರು ಸಲ ಕೇಳಿ, ಅವನು ಆಣೆ ಮಾಡಿದ ಮೇಲೆ ಕಟ್ಟೆಯ ಮೇಲೆ ಕೂತಳಂತೆ. "ನಮ್ಮ ಹುಡುಗಗ ಹೇಳಬ್ಯಾಡ, ಊರಿಗೆಲ್ಲಾ ಕೂಗ್ತಾನ" ಎಂದೂ ಹೇಳಿದ್ದಳಂತೆ. ಆ ಫಿಲಂ ಈಗ ಒಳಗಿನ ಬೋಗುಣಿಯಲ್ಲಿತ್ತು. ಕಾಫಿ ಪುಡಿ, ಸೋಡಾ, ವಿಟಮಿನ್ ಮಾತ್ರೆ ಮೂರನ್ನೂ ನೀರಿನಲ್ಲಿ ಕಲಸಿ ಅದರಲ್ಲಿ ಫಿಲಂ ಎಳೆದಾಡಿದರೆ ಚಿತ್ರ ಮೂಡುತ್ತದೆ, ಮೂಡುವ ತನಕ ಎಳ್ಳಿನಷ್ಟು ಬೆಳಕೂ ಬೀಳಬಾರದು. ಅದಕ್ಕೆಂದೇ ಮುಚ್ಚಳದ ಡಬ್ಬಿ ಬರುತ್ತದೆ, ಇವನ ಹತ್ತಿರ ಇರಲಿಲ್ಲ.

"ಹೇಳಬಾರ್ದಿತ್ತೇನೋ, ಮೊದಲ," ಎಂದೆ.

"ಈ ಹಿಂದಿನ ಮೂರು ರೀಲು ಕೆಟ್ಟು ಹೋದ್ವು ಅಣ್ಣಾ. ಅವ್ವನ ಫೋಟೋ ಐತಿ ಅಂತ ಹೇಳಿ, ಅದೂ ಹೋದ್ರ? ಬಂದ ಮ್ಯಾಲ ಕೊಡೋಣಂತ ಇದ್ದೆ. ಎಷ್ಟಾತು ಅಂತರೆ ಹೇಳ್ರಿ. ಕತ್ತಲದಾಗ ನನಗ ಗಡಿಯಾರ ಕಾಣವಲ್ದು. ಹದಿನೈದಕ್ಕ ತೆಗೀಬೇಕು."

ಆರು, ಏಳು, ಎಂಟು. ಲೋಟಗಳಲ್ಲ, ನಿಮಿಷಗಳು. ಕಾಲು ಕೆಳಗಿಟ್ಟೆ. ಗಡಿಯಾರ ನೋಡಿದೆ. ನಾಲ್ಕು ಎಂದಾಗ ಹನ್ನೊಂದು ಇಪ್ಪತ್ತೆರಡು, ಈಗ ಇಪ್ಪತ್ತೇಳು. ಮೂವತ್ತೊಂದು ವರ್ಷದಲ್ಲಿ ನನ್ನ ಗಡಿಯಾರ ಒಂದು ನಿಮಿಷ ಆಚೀಚೆ ಆಗಿದ್ದಿಲ್ಲ.

"ಒಂಬತ್ತು," ಎಂದೆ. ಆಮೇಲೆ ಗಂಟಲು ಸರಿಮಾಡಿಕೊಂಡು, ಮೈಕಿನ ಮುಂದೆ ಕೂಗುತ್ತಿದ್ದ ದನಿಯಲ್ಲಿ, "ಒಂಬತ್ತು ನಿಮಿಷ ಆಗೇತಿ, ರಾಮಾಂಜಿನಿ."

"ಬಾಗಲ ಸಂದಿನ್ಯಾಗ ಬಿಸಿಲು ಬರಾಕತ್ತೈತ್ರಿ. ಕಂಬಳಿ ಹಾಕಾಕ ಎರಡೂ ಕೈ ಖಾಲಿ ಇಲ್ಲ."

ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೈ ಚಾಚಿ ನಿಂತೆ. ಟವೆಲ್ ಹಿಡಿದೆ. ನನ್ನ ಮೈ ಬಾಗಿಲಿನಷ್ಟು ಅಗಲವಿಲ್ಲ. ಅಷ್ಟರಲ್ಲಿ ಭೀಮವ್ವ ನಮ್ಮ ಹಿತ್ತಲಿಗೆ ಓಡಿದವಳು ಕಟ್ಟಿಗೆ ರಾಶಿಯ ಮೇಲಿಂದ ಏನನ್ನೋ ಎಳೆದುಕೊಂಡು ಬಂದಳು. ಅಪ್ಪ. ಹತ್ತಡಿ ಶ್ರದ್ಧಾಂಜಲಿ ಫ್ಲೆಕ್ಸ್. ಉಚ್ಚೆಂಗೆಪ್ಪ ಒಂದು ತುದಿ ಹಿಡಿದ, ನಾನು ಇನ್ನೊಂದು. ಎರಡು ಮಡಿಕೆ ಮಾಡಿ ಬಾಗಿಲಿನ ಮೇಲೆ ಬಿಗಿದು ಹಿಡಿದೆವು. ಮಡಿಕೆಯಲ್ಲಿ ಸರಿಯಾಗಿ ಅಪ್ಪನ ಮುಖ ಹೊರಗೆ ಬಂತು. ಒಳಗೆ ಅವ್ವ, ಹೊರಗೆ ಅಪ್ಪ. ಆರು ವರ್ಷ ಮಳೆಯಲ್ಲಿ ನೆನೆದ ಆ ಮನುಷ್ಯ ಕೊನೆಗೂ ಹೆಂಡತಿಗೆ ನೆರಳಾಗಿ ನಿಂತದ್ದು ಕಂಡು ನನಗೆ ಕಣ್ಣು ತುಂಬಿ ಬಂತು.

"ಹತ್ತು ನಿಮಿಷ," ಎಂದೆ.

ಫ್ಲೆಕ್ಸ್ ಹಿಡಿದುಕೊಂಡೇ ಉಚ್ಚೆಂಗೆಪ್ಪ ಕೇಳಿದ, "ಹಂಗಾದ್ರ ಆ ಕಾಫಿ ಕುಡಿಯೋ ಮಾತು ಹುಟ್ಟಿಸಿದವರು ಯಾರು?"

ಏಳೆಂಟು ಜನ ನೆಲ ನೋಡಿದರು. ವಿಜಯಕುಮಾರನೂ ಅವರಲ್ಲಿದ್ದ. ಅವನ ಹೆಸರು ಹೇಳಿ ಪಾರಾಗಬಹುದಿತ್ತು.

"ನಾನು," ಎಂದೆ. "ನೋಡಿದ್ದಿಲ್ಲ, ಕೇಳಿದ್ದಿಲ್ಲ. ವಾಸನಿ ಬಂತು, ಹೇಳಿದೆ. ಹನ್ನೊಂದು ನಿಮಿಷ."

ಹೀಗೆ ಹನ್ನೆರಡು, ಹದಿಮೂರು, ಹದಿನಾಲ್ಕು ಕೂಗಿದೆ. ಯಾವ ಬಸ್ಸನ್ನೂ ನಾನು ಅಷ್ಟು ಭಯಭಕ್ತಿಯಿಂದ ಹೊರಡಿಸಿದ್ದಿಲ್ಲ. ಹದಿನೈದಕ್ಕೆ ಒಳಗೆ ನೀರಿನ ಸದ್ದಾಯಿತು. ಆಮೇಲೆ, ಮೂಡಿದ ಚಿತ್ರ ಬೆಳಕಿಗೆ ಕೆಡದಂತೆ ನಿಲ್ಲಿಸಲು ಈಶ್ವರ್ ಕೊಟ್ಟಿದ್ದ ಹೈಪೋ ಎಂಬ ಪುಡಿಯ ನೀರಿನಲ್ಲಿ ಇನ್ನೂ ಹತ್ತು ನಿಮಿಷ. ಆ ಹತ್ತನ್ನೂ ಕೂಗಿದೆ. ಒಬ್ಬರೂ ಜಾಗ ಬಿಟ್ಟು ಕದಲಲಿಲ್ಲ.

ಬಾಗಿಲು ತೆರೆಯಿತು. ಬೆವರಿನಲ್ಲಿ ತೊಯ್ದು ಹೋದ ರಾಮಾಂಜಿನಿ ನಿಂತಿದ್ದ. ಉಚ್ಚೆಂಗೆಪ್ಪ ಮೊದಲು ಒಳಗೆ ಹೋಗಿ ಲೋಟ ಹುಡುಕಿದ. ಒಂದೂ ಇರಲಿಲ್ಲ. ಬೋಗುಣಿಯ ಕರೀ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡ. ಅವನ ಮೀಸೆ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಹೊರಗೆ ಬಂದು, ಮೂರು ಸಲ ಬಾಯಿ ಮುಕ್ಕಳಿಸಿ, ಪಂಚಾಯ್ತಿಯ ತೀರ್ಪಿನಂತೆ ಹೇಳಿದ:

"ಇದನ್ನ ಕುಡಿಯೋನು ಜಿಪುಣ ಅಲ್ಲ, ಹುಚ್ಚ. ಬೀಗ ಹುಚ್ಚ ಇದ್ರ ನಡಿತೈತಿ, ಜಿಪುಣ ಆಗಬಾರ್ದು. ತಂಗೆವ್ವ, ಒಂದ್ ಲೋಟ ಚಹಾ ಕೊಡು."

ಲಕ್ಷ್ಮೀ ಚಹಾ ತಂದಳು. ತನ್ನ ಮನೆಯ ಕಾಫಿ ಪುಡಿಯೆಲ್ಲ ಬಚ್ಚಲಿಗೆ ಹೋಗುತ್ತಿದ್ದುದರಿಂದಲೇ ಬಂದವರಿಗೆ ಚಹಾ ಕೊಡಬೇಕಾಯಿತೆಂದು ಅವಳು ಭೀಮವ್ವನ ಹತ್ತಿರ ಹೇಳಿಕೊಂಡು ಅತ್ತಳಂತೆ. ನಾನು ರಾಮಾಂಜಿನಿಯ ಕೈ ಹಿಡಿದು ತಪ್ಪಾಯಿತು ಎಂದೆ. ಅವನು "ಇರ್ಲಿ ಬಿಡ್ರಿ," ಎಂದ. ಅವತ್ತು ಅವನು ಒಂದು ವರ್ಷದ ಮಾತು ಆಡಿ ಮುಗಿಸಿದ್ದ.

ಫಿಲಮ್ಮನ್ನು ಬಟ್ಟೆ ಒಣಗಿಸುವ ತಂತಿಗೆ ಕ್ಲಿಪ್ ಹಾಕಿ ತೂಗುಬಿಟ್ಟ. ಬಾಳೆ, ಗುಡ್ಡ, ಲಾರಿ ಎಲ್ಲ ಮುಗಿದು ಕೊನೆಯಲ್ಲಿ ಅವ್ವನ ಮೂರು ಫೋಟೋ ಇರಬೇಕಿತ್ತು. ಎರಡರ ಜಾಗದಲ್ಲಿ ಬರೀ ಕಪ್ಪು. ಕಂಬಳಿ ಬಿದ್ದಾಗ ಸಂದಿಯಿಂದ ಬಂದ ಬಿಸಿಲು ತಿಂದುಹಾಕಿತ್ತು. ಒಂದರಲ್ಲಿ ಅವ್ವ ಬೆಳ್ಳಿ ಡಾಬು ಕಟ್ಟಿಕೊಂಡು ಕೂತಿದ್ದಳಂತೆ, ಇನ್ನೊಂದರಲ್ಲಿ ನೇರ ಕ್ಯಾಮೆರಾ ನೋಡಿದ್ದಳಂತೆ. ಅವನ್ನು ನಾನು ಇನ್ನು ನೋಡುವಂತಿಲ್ಲ. ನನ್ನ ತಪ್ಪು ಎಷ್ಟು ಎಂದು ಅಳತೆ ಹೇಳುತ್ತೇನೆ ಎಂದಿದ್ದೆನಲ್ಲ, ಮೂರಕ್ಕೆ ಎರಡು.

ಉಳಿದ ಒಂದನ್ನು ಬೆಳಕಿಗೆ ಹಿಡಿದು ತೋರಿಸಿದ. ಅದರಲ್ಲಿ ಎಲ್ಲ ಉಲ್ಟಾ. ಅವ್ವನ ಬಿಳೀ ಕೂದಲು ಕಡುಕಪ್ಪಾಗಿತ್ತು, ನಾನು ಸಣ್ಣವನಿದ್ದಾಗ ಇದ್ದ ಹಾಗೆ. ನಾನು ಬಹಳ ಹೊತ್ತು ನೋಡಿದೆ.

ಈಶ್ವರ್ ಅದನ್ನು ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಟ್ಟ, ದುಡ್ಡು ಮುಟ್ಟಲಿಲ್ಲ. ಹನ್ನೊಂದನೇ ದಿನ ಹಾರ ಹಾಕಿ ಗೋಡೆಗೆ ಏರಿಸಿದೆವು. ಫೋಟೋದಲ್ಲಿ ಅವ್ವ ಸ್ಟೀಲ್ ಲೋಟವನ್ನು ಬಾಯಿಯ ಹತ್ತಿರ ಹಿಡಿದು ಕಣ್ಣು ಮುಚ್ಚುವಷ್ಟು ನಗುತ್ತಿದ್ದಾಳೆ, ಉಳಿದ ನಾಲ್ಕು ಹಲ್ಲೂ ಕಾಣುತ್ತವೆ. ಬಂದವರೆಲ್ಲ ನೋಡಿ, "ಹೊಳೆಮ್ಮಗ ಕಾಫಿ ಅಂದ್ರ ಎಷ್ಟ್ ಜೀವ ನೋಡ್ರಿ," ಎಂದರು. ಎಡೆಗೆ ಒಂದು ಲೋಟ ಕಾಫಿಯನ್ನೂ ಇಟ್ಟರು. ಅಪ್ಪನ ಫ್ಲೆಕ್ಸನ್ನು ಒರೆಸಿ, ಮಡಿಸಿ, ಅವ್ವನ ಟ್ರಂಕಿನಲ್ಲಿ ಇಟ್ಟಿದ್ದೇನೆ.

ಜನ ಎಲ್ಲ ಹೋದ ಮೇಲೆ ರಾಮಾಂಜಿನಿಯನ್ನು ಪಕ್ಕಕ್ಕೆ ಕರೆದು ಕೇಳಿದೆ, "ಅವ್ವ ಯಾಕ ನಗಾಕತ್ತಾಳ?"

ಅವನು ಹೇಳಲು ಒಪ್ಪಲಿಲ್ಲ. ಕೈ ಹಿಡಿದುಕೊಂಡ ಮೇಲೆ ನೆಲ ನೋಡುತ್ತ ಹೇಳಿದ. ಲೋಟ ಖಾಲಿ ಇತ್ತಂತೆ. ಅವ್ವ ಅದನ್ನು ಮೈಕಿನಂತೆ ಹಿಡಿದು, ನನ್ನ ಹಾಗೆ ಮೂಗು ಉಬ್ಬಿಸಿಕೊಂಡು, "ಕಂಪ್ಲಿ, ಕಂಪ್ಲಿ, ಕಂಪ್ಲಿ," ಎಂದು ಕೂಗಿ ತೋರಿಸಿದಳಂತೆ. ಆಮೇಲೆ ನಗು ತಡೆಯಲಾಗಲಿಲ್ಲವಂತೆ.

ಈಗ ದಿನಾ ಬೆಳಿಗ್ಗೆ ಆರಕ್ಕೆ ನನ್ನ ಒಂದು ಲೋಟ ಕಾಫಿಯನ್ನು ಆ ಫೋಟೋದ ಮುಂದೆ ಕೂತು ಕುಡಿಯುತ್ತೇನೆ. ಅವ್ವ ನನ್ನನ್ನು ಆಡಿಕೊಂಡು ನಗುತ್ತಲೇ ಇರುತ್ತಾಳೆ. ನೋಡಿದವರು ಕಾಫಿ ಕುಡಿಯುತ್ತಿದ್ದಾಳೆ ಎನ್ನುತ್ತಾರೆ, ನಾನು ಹೂಂ ಎನ್ನುತ್ತೇನೆ. ಈ ಒಂದು ಸಂಗತಿಯನ್ನು ಭೀಮವ್ವನಿಗೂ ಹೇಳಿಲ್ಲ. ನಿಮಗೆ ಹೇಳಿದ್ದೇನೆ, ನಿಮ್ಮಲ್ಲೇ ಇರಲಿ.